ಪರದೆಯಿಲ್ಲದಿದ್ದರೆ ನಾಟಕವಲ್ಲವೆ?

ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಒಂದು ಠರಾವು ಮಂಡಿತವಾಯಿತು. ವರ್ಷಂಪ್ರತಿ ನಾಟಕಕ್ಕೆಂದು ತೆಗೆದಿರಿಸುವ ಅಲ್ಪ ಮೊತ್ತವನ್ನು ಇನ್ನು ಮುಂದೆ ಪರದೆ, ವೇಷಭೂಷಣ, ದೀಪವ್ಯವಸ್ಥೆಗಳಿಂದ ಕೂಡಿದ "ನಿಜವಾದ ನಾಟಕ"ಗಳಿಗೆ ಮಾತ್ರ ವಿನಿಯೋಗಿಸತಕ್ಕದ್ದೆಂದೂ, ಅಂಗಳದಲ್ಲಿಯೂ ಬೀದಿಯಲ್ಲಿಯೂ ಆಡುವ "ಪ್ರಯೋಗ"ಗಳಿಗೆ ಅದರಿಂದ ಒಂದು ಕಾಸನ್ನೂ ಕೊಡಕೂಡದೆಂದೂ ಅದರ ತಾತ್ಪರ್ಯ. ಮಂಡಿಸಿದ ಮಹನೀಯರು ನನಗಿಂತ ಎಷ್ಟೋ ಹಿರಿಯರು. ಈ ಗಡಿನಾಡಿನಲ್ಲಿ ಕನ್ನಡಕ್ಕಾಗಿ ಆಯುಷ್ಯದ ಬಹುಭಾಗವನ್ನು ಸವೆಸಿದವರು. ಅವರ ಮಾತನ್ನು ಎದುರಿಸಿ ಬರೆಯುವಾಗ ಕೈ ಅಳುಕುವುದು ಸಹಜ. ಆದರೆ ಠರಾವು ಬರುವ ಮಹಾಸಭೆಯ ಮುಂದಿದೆ. ಅಲ್ಲಿ ಕೈಯೆತ್ತುವವರಲ್ಲಿ ಹೆಚ್ಚಿನವರು ಈ ಪತ್ರಿಕೆಯನ್ನು ಓದುವ ಅಧ್ಯಾಪಕ ಬಂಧುಗಳು. ಆದುದರಿಂದ ಈಗ ಸುಮ್ಮನಿದ್ದರೆ ಆ ಮೌನವನ್ನು ವಿನಯವೆಂದು ಕರೆಯಲಾರೆ.

ಠರಾವಿಗೆ ಮೂಲ ಕಾರಣ ನಾವು ಏಳು ಮಂದಿ. ಮೂವರು ಪ್ರಾಥಮಿಕ ಶಾಲೆಯ ಅಧ್ಯಾಪಕರು, ಇಬ್ಬರು ಹಳೆ ವಿದ್ಯಾರ್ಥಿಗಳು, ಒಬ್ಬರು ಜೀನಸಿನ ಅಂಗಡಿಯವರು, ಇನ್ನೊಬ್ಬರು ರಿಕ್ಷಾ ಓಡಿಸುವವರು. ನಾವು ಸೇರಿ ಕಳೆದ ವರ್ಷ "ಸುರಂಗ" ಎಂಬ ಚಿಕ್ಕ ನಾಟಕವನ್ನು ಕಟ್ಟಿದೆವು. ಬಾಯಾರು, ಎಣ್ಮಕಜೆ, ಪೈವಳಿಕೆಗಳ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ನಿಂತು ನಡೆಯುವಷ್ಟು ಓಣಿ ಮಾಡಿ, ಒಳಗಿನ ಒರತೆಯನ್ನು ತೋಟಕ್ಕೆ ಹರಿಸಿಕೊಂಡವರ ಕಥೆಯದು. ಅದನ್ನು ಯಾರೊಬ್ಬರೂ ಕುಳಿತು ಬರೆದುದಲ್ಲ. ಹಿಂದೆ ಪಿಕ್ಕಾಸು ಹಿಡಿದ ಮುದುಕರ ಮನೆಗಳಿಗೆ ಹೋಗಿ, ಅವರು ಹೇಳಿದುದನ್ನು ಕೇಳಿ, ಆ ಮಾತುಗಳನ್ನೇ ಜೋಡಿಸಿದೆವು. ಪರದೆಯಿಲ್ಲ, ಬಣ್ಣವಿಲ್ಲ, ಧ್ವನಿವರ್ಧಕವಿಲ್ಲ. ಅಡಕೆ ಹರಡುವ ಅಂಗಳದ ಒಂದು ಬದಿಯನ್ನು ಗುಡಿಸಿ, ಚಾಪೆಗಳ ಮೇಲೆ ಜನರನ್ನು ಮೂರು ಕಡೆ ಕೂರಿಸಿ, ಜಗಲಿಯ ದೀಪದ ಬೆಳಕಿನಲ್ಲಿ ಆಡಿದೆವು. ನಾಲ್ಕು ಜನ ಕೈಕೈ ಹಿಡಿದು ಬಾಗಿದರೆ ಅದೇ ಸುರಂಗ. ಒಬ್ಬನು ತೋಳನ್ನು ಚಾಚಿದರೆ ಅದೇ ಅಡಕೆಮರದ ದಂಬೆ.

ಇದರ ಮೇಲೆ ಹೊರಿಸಲಾದ ಆರೋಪಗಳು ನಾಲ್ಕು. ಒಂದು, ಪರದೆಯೂ ವೇಷವೂ ಇಲ್ಲದುದು ನಾಟಕವೇ ಅಲ್ಲ. ಎರಡು, ಇದು ಪಾಶ್ಚಾತ್ಯರ ಅನುಕರಣೆ, ನಮ್ಮ ಸಂಪ್ರದಾಯಕ್ಕೆ ಹೊರಗು. ಮೂರು, ಅಧ್ಯಾಪಕರು, ಅದರಲ್ಲಿಯೂ ಅಧ್ಯಾಪಿಕೆಯರು, ಜನರ ಕಾಲ ಬಳಿ ನೆಲದಲ್ಲಿ ಉರುಳಾಡಿ ನಟಿಸುವುದು ವೃತ್ತಿಯ ಗೌರವಕ್ಕೆ ಕುಂದು. ನಾಲ್ಕು, ಇಂಥ ನಾಟಕ ಜನಸಾಮಾನ್ಯರಿಗೆ ಅರ್ಥವಾಗುವುದಿಲ್ಲ. ಒಂದೊಂದನ್ನೇ ವಿಚಾರಿಸೋಣ.

ಮೊದಲನೆಯದಕ್ಕೆ ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮದು ಕುಂಬಳೆಯ ಪಾರ್ತಿಸುಬ್ಬನ ನಾಡು. ಇಲ್ಲಿ ಮಳೆಗಾಲ ಬಂತೆಂದರೆ ಮನೆಮನೆಗಳಲ್ಲಿಯೂ ದೇವಸ್ಥಾನಗಳಲ್ಲಿಯೂ ತಾಳಮದ್ದಳೆ ನಡೆಯುತ್ತದೆ. ಅದರಲ್ಲಿ ಪರದೆಯೆಲ್ಲಿದೆ? ಕಿರೀಟವೆಲ್ಲಿದೆ? ಭಾಗವತರು ಪದ ಹೇಳುತ್ತಾರೆ. ಪಂಚೆ ಉಟ್ಟು ಶಾಲು ಹೊದ್ದ ನಾಲ್ಕು ಜನ ಎದುರುಬದುರಾಗಿ ಕುಳಿತು ಅರ್ಥ ಹೇಳುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು ಹಾಗೆ ಕುಳಿತಲ್ಲಿಯೇ ವಾಲಿಯಾಗಿ ಮಾತಿಗಾರಂಭಿಸಿದರೆ ಎದುರಿಗಿದ್ದವರಿಗೆ ಕಿಷ್ಕಿಂಧೆ ಕಾಣುತ್ತಿತ್ತಲ್ಲದೆ ಅವರ ಶಾಲು ಕಾಣುತ್ತಿರಲಿಲ್ಲ. ಠರಾವನ್ನು ಮಂಡಿಸಿದ ಹಿರಿಯರು ಸ್ವತಃ ನುರಿತ ಅರ್ಥಧಾರಿಗಳು. ಅವರ ವಿದುರನ ಅರ್ಥವನ್ನು ಕೇಳಿ ನಾನು ಬಾಲ್ಯದಲ್ಲಿ ಕಣ್ಣೀರು ಸುರಿಸಿದ್ದೇನೆ. ಅಂದು ಅವರು ಯಾವ ಪರದೆಯ ಮುಂದೆ ಕುಳಿತಿದ್ದರೆಂದು ವಿನಯಪೂರ್ವಕವಾಗಿ ಕೇಳುತ್ತೇನೆ. ಬಯಲಾಟದಲ್ಲಿಯೂ ಪರದೆಯೆಂದರೆ ಇಬ್ಬರು ಕೈಯಲ್ಲಿ ಹಿಡಿಯುವ ಒಂದು ತುಂಡು ತೆರೆ ತಾನೆ? ಪಾತ್ರ ಪ್ರವೇಶಿಸಿದ ಮೇಲೆ ಅದನ್ನು ಸರಿಸಿಬಿಡುತ್ತಾರೆ. ಉಳಿದ ರಾತ್ರಿಯೆಲ್ಲ ಅಯೋಧ್ಯೆಯೂ ಲಂಕೆಯೂ ಅದೇ ರಂಗಸ್ಥಳದಲ್ಲಿ, ಕಲಾವಿದನು ಹಾಕುವ ಎರಡು ಸುತ್ತಿನಲ್ಲಿಯೇ ಬದಲಾಗುತ್ತವೆ.

ಎರಡನೆಯ ಆರೋಪ ಇದಕ್ಕಿಂತಲೂ ವಿಚಿತ್ರ. ಅರಮನೆ, ಉದ್ಯಾನ, ಬೀದಿಗಳನ್ನು ಬರೆದ ಪರದೆಗಳು ನಮಗೆ ಎಲ್ಲಿಂದ ಬಂದವು? ಚೌಕಟ್ಟಿನೊಳಗಣ ರಂಗಮಂಟಪ ಇಂಗ್ಲಿಷರ ಮೂಲಕ ಬಂದುದು. ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯ ಪಾರ್ಸಿ ನಾಟಕ ಕಂಪೆನಿಗಳು ಎತ್ತಿಕೊಂಡವು. ಅವುಗಳ ಸಂಚಾರದಿಂದ ನಮ್ಮ ಕಂಪೆನಿಗಳು ಕಲಿತವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯಂಥವು ಆ ವಿದ್ಯೆಯನ್ನು ಕನ್ನಡದ ಸೊತ್ತನ್ನಾಗಿ ಮಾಡಿಕೊಂಡು, ರಂಗದ ಮೇಲೆ ನಿಜವಾದ ಆನೆಯನ್ನೇ ತಂದು ನಿಲ್ಲಿಸುವಷ್ಟು ವೈಭವಕ್ಕೆ ಏರಿಸಿದವು. ಆ ಸಾಧನೆಯನ್ನು ನಾನು ಹಳಿಯುವುದಿಲ್ಲ. ನನ್ನ ವಾದವಿಷ್ಟೆ: ಹೊರಗಿನಿಂದ ಬಂದುದು ಬೇಡವೆಂದಾದರೆ ಮೊದಲು ಕಳಚಿ ಇಡಬೇಕಾದುದು ಪರದೆಯನ್ನು. ಹೊರಗಿನಿಂದ ಬಂದುದಾದರೂ ನಮ್ಮದಾಗಬಲ್ಲುದೆಂದಾದರೆ, ಆ ಅನುಗ್ರಹ ಪ್ರಯೋಗಕ್ಕೆ ಮಾತ್ರ ಏಕಿಲ್ಲ?

ಬಿ. ವಿ. ಕಾರಂತರ ಜೀವನವನ್ನು ಒಮ್ಮೆ ನೆನೆಯಿರಿ. ನಮಗೆ ನೆರೆಯ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪೆನಿಯನ್ನು ಸೇರಿದವರು ಅವರು. ಪರದೆಯ ನೆರಳಿನಲ್ಲಿಯೇ ಬೆಳೆದರು. ಅಂಥವರು 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ "ಈಡಿಪಸ್", "ಸಂಕ್ರಾಂತಿ", "ಜೋಕುಮಾರಸ್ವಾಮಿ"ಗಳನ್ನು ಆಡಿಸಿ ಕನ್ನಡ ನಾಟಕದ ದಾರಿಯನ್ನೇ ತಿರುಗಿಸಿದರು. ಪರದೆಯ ಶಕ್ತಿಯನ್ನು ಅವರಿಗಿಂತ ಬಲ್ಲವರು ಯಾರು? ಬಲ್ಲುದರಿಂದಲೇ ಅದನ್ನು ಬಿಟ್ಟರೂ ನಾಟಕ ನಿಲ್ಲಬಲ್ಲುದೆಂದು ತೋರಿಸಿಕೊಟ್ಟರು. ಅದಕ್ಕೂ ಮುನ್ನ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಕೂಡಿಸಿಕೊಂಡು ಮಾಡಿದ್ದೂ ಪ್ರಯೋಗವಲ್ಲದೆ ಮತ್ತೇನು? 1949ರಲ್ಲಿ ಸಾಗರ ತಾಲೂಕಿನ ಹೆಗ್ಗೋಡೆಂಬ ಹಳ್ಳಿಯಲ್ಲಿ ನೀನಾಸಂ ಆರಂಭವಾದಾಗ ಅದು ರಾಜಧಾನಿಯ ಅಪ್ಪಣೆಗಾಗಿ ಕಾದಿರಲಿಲ್ಲ. 1985ರಿಂದ ಅದರ ತಿರುಗಾಟದ ತಂಡ ಊರೂರು ಸುತ್ತುತ್ತ ಬಂದಿದೆ.

ಇನ್ನು ನಮ್ಮ ಮಲೆಯಾಳಿ ನೆರೆಹೊರೆಯವರನ್ನು ನೋಡಿ. ನಾವು 1956ರ ನವೆಂಬರ್ 1ರಿಂದ ಅವರೊಡನೆ ಒಂದೇ ರಾಜ್ಯದಲ್ಲಿದ್ದೇವೆ. ಭಾಷೆಯ ಪ್ರಶ್ನೆಯಲ್ಲಿ ಅವರೊಡನೆ ನಮಗೆ ವ್ಯಾಜ್ಯವಿದ್ದಿತೆಂಬ ಮಾತ್ರಕ್ಕೆ ಅವರಿಂದ ಕಲಿಯಬಾರದೆಂಬ ಹಟ ಸಲ್ಲದು. 1967ರಲ್ಲಿ ಜಿ. ಶಂಕರ ಪಿಳ್ಳೆ ಮೊದಲಾದವರು ಶಾಸ್ತಾಂಕೋಟೆಯಲ್ಲಿ ನಾಟಕ ಕಳರಿಯನ್ನು ನಡೆಸಿ ಹೊಸ ನಟರನ್ನು ಪಳಗಿಸಿದರು. 1980ರಲ್ಲಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಶಾಸ್ತ್ರ ಕಲಾಜಾಥಾವನ್ನು ಹೊರಡಿಸಿ, ಹಾಡು, ಕುಣಿತ, ಕಿರುನಾಟಕಗಳಿಂದ ವಿಜ್ಞಾನವನ್ನು ಕವಲುದಾರಿಗಳಿಗೂ ಶಾಲೆಯ ಅಂಗಳಗಳಿಗೂ ತಂದಿತು. ಅದರಲ್ಲಿ ದುಡಿದವರಲ್ಲಿ ಅಧ್ಯಾಪಕರು ಎಷ್ಟು ಮಂದಿ! ಅವರ ಗೌರವಕ್ಕೆ ಏನಾದರೂ ಕುಂದಾಯಿತೆ?

ಇದೇ ಮೂರನೆಯ ಆರೋಪಕ್ಕೆ ನಮ್ಮನ್ನು ತಂದು ನಿಲ್ಲಿಸುತ್ತದೆ. ಗೌರವದ ವಿಷಯವನ್ನು ಹೇಳುವಾಗ ನಾನು ಸ್ವಲ್ಪ ಸ್ವಂತದ ಮಾತನ್ನು ಹೇಳಬೇಕಾಗಿದೆ, ಕ್ಷಮಿಸಬೇಕು. ಆ ನಾಟಕದಲ್ಲಿ ನನ್ನದು ಸುರಂಗ ತೋಡುವವನ ಹೆಂಡತಿಯ ಪಾತ್ರ. ಗಂಡನು ಒಳಗೆ ಹೋಗಿ ಬಹಳ ಹೊತ್ತಾಗಿದೆ. ಆಕೆ ಹೊರಗೆ ಮಣ್ಣಿನ ಬುಟ್ಟಿಯ ಬಳಿ ಕುಳಿತು ಒಳಗಿನ ಕತ್ತಲೆಗೆ ಕೂಗಬೇಕು. ಮೊದಲ ಪ್ರದರ್ಶನದ ದಿನ ಅಷ್ಟು ಹತ್ತಿರದಲ್ಲಿ ಅಷ್ಟು ಮುಖಗಳನ್ನು ಕಂಡು ನನಗೆ ಮಾತು ಮರೆತುಹೋಯಿತು. ತರಗತಿಯಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ನಿಂತವಳು ನಾನು. ಆದರೂ ನಾಲಿಗೆ ಒಣಗಿತು. ಆಗ ಮೂರು ಮಾರು ದೂರದಲ್ಲಿ ಚಾಪೆಯ ಮೇಲೆ ಕುಳಿತಿದ್ದ ಒಬ್ಬ ಮುದುಕಿ ತಾನೇ ಮುಂದಕ್ಕೆ ಬಾಗಿ, ಬಾಗಿ ನಿಂತಿದ್ದ ನಮ್ಮ ಹುಡುಗರ ತೋಳುಗಳ ನಡುವಿಗೆ ಕೂಗಿ ಕೇಳಿದಳು: "ದೀಪ ಉರಿಯುತ್ತಾ ಉಂಟಾ?"

ಅಂಗಳವೆಲ್ಲ ನಿಶ್ಶಬ್ದವಾಯಿತು. ಸುರಂಗದ ಒಳಗೆ ಉಸಿರಾಡುವ ಗಾಳಿಯಿದೆಯೇ ಇಲ್ಲವೇ ಎಂಬುದನ್ನು ದೀಪವೇ ಹೇಳಬೇಕು. ದೀಪ ನಂದಿದರೆ ಮನುಷ್ಯನು ತಡಮಾಡದೆ ಹಿಂದಿರುಗಬೇಕು. ಇದನ್ನು ನಮಗೆ ಮುದುಕರು ಹೇಳಿದ್ದರು. ಆದರೆ ಹೊರಗೆ ಕುಳಿತ ಹೆಂಡತಿ ಕೇಳುವ ಪ್ರಶ್ನೆ ಇದೆಂದು ನಮಗಾರಿಗೂ ಹೊಳೆದಿರಲಿಲ್ಲ; ನಾವು ಜೋಡಿಸಿದ್ದ ಮಾತು ಇದಕ್ಕಿಂತ ಬಹಳ ಉದ್ದವಾಗಿಯೂ ಬಹಳ ಸಪ್ಪೆಯಾಗಿಯೂ ಇತ್ತು. ಆ ಮುದುಕಿ ತನ್ನ ಯೌವನದಲ್ಲಿ ಎಷ್ಟು ಸಲ ಹಾಗೆ ಕೂಗಿದ್ದಳೋ! ಅಂದಿನಿಂದ ನಮ್ಮ ನಾಟಕದಲ್ಲಿ ಆ ಮಾತೇ ಉಳಿದಿದೆ. ಎತ್ತರದ ರಂಗಮಂಟಪದ ಮೇಲೆ, ಕಣ್ಣು ಕುಕ್ಕುವ ದೀಪಗಳ ಹಿಂದೆ ನಾನು ನಿಂತಿದ್ದರೆ ಆಕೆ ಬಾಯಿ ತೆರೆಯುತ್ತಿದ್ದಳೆ? ನೆಲದಲ್ಲಿ ಕುಳಿತುದರಿಂದ ನನ್ನ ಗೌರವ ಎಷ್ಟು ಕಡಿಮೆಯಾಯಿತೋ ನಾನರಿಯೆ. ಆ ಅಂಗಳದಲ್ಲಿ ಆಕೆಯ ಗೌರವ ಹೆಚ್ಚಿತೆಂಬುದನ್ನು ಮಾತ್ರ ಕಣ್ಣಾರೆ ಕಂಡೆ.

ಬೀದಿಯ ನಾಟಕವನ್ನು ಹಗುರವಾಗಿ ಕಾಣುವವರು ಇನ್ನೊಂದನ್ನೂ ಮರೆಯಬಾರದು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರ ಕೊಲೆಗಳಾದಾಗ ಅದನ್ನು ಕರ್ನಾಟಕದ ಬೀದಿಬೀದಿಗಳಿಗೆ ತಿಳಿಸಿದುದು ಸಮುದಾಯ ತಂಡದ "ಬೆಲ್ಚಿ" ನಾಟಕ. 1989ರ ಜನವರಿ 1ರಂದು ದೆಹಲಿಯ ಸಮೀಪದ ಸಾಹಿಬಾಬಾದಿನಲ್ಲಿ ಕಾರ್ಮಿಕರ ನಡುವೆ ಬೀದಿನಾಟಕ ಆಡುತ್ತಿದ್ದಾಗ ಸಫ್ದರ್ ಹಾಶ್ಮಿಯವರ ಮೇಲೆ ಹಲ್ಲೆ ನಡೆಯಿತು. ಮರುದಿನ ಅವರು ತೀರಿಕೊಂಡರು. ಜನವರಿ 4ರಂದು ಅವರ ಪತ್ನಿಯೂ ಸಂಗಡಿಗರೂ ಅದೇ ಸ್ಥಳಕ್ಕೆ ಹಿಂದಿರುಗಿ, ಅರ್ಧಕ್ಕೆ ನಿಂತಿದ್ದ ಆ ನಾಟಕವನ್ನು ಆಡಿ ಮುಗಿಸಿದರು. ಆ ಸ್ತ್ರೀಯ ಗೌರವವನ್ನು ಅಳೆಯುವ ಕೋಲು ನಮ್ಮ ಸಮಿತಿಯಲ್ಲಿ ಯಾರ ಬಳಿ ಇದೆ?

ನಾಲ್ಕನೆಯ ಆರೋಪ, ಅರ್ಥವಾಗುವುದಿಲ್ಲವೆಂಬುದು. ಇದರಲ್ಲಿ ಸತ್ಯವಿದೆ, ಇಲ್ಲವೆಂದರೆ ನಾನು ಸುಳ್ಳುಗಾತಿಯಾದೇನು. ಪ್ರಯೋಗವೆಂಬ ಹೆಸರಿನಲ್ಲಿ ನಗರಗಳಲ್ಲಿ ಆಡುವ ಎಷ್ಟೋ ನಾಟಕಗಳು ಒಗಟುಗಳಾಗಿವೆ. ನೋಡುವವನಿಗೆ ಅರ್ಥವಾಗಿರುವುದಿಲ್ಲ, ಅರ್ಥವಾಗಲಿಲ್ಲವೆಂದರೆ ಪಕ್ಕದವರು ದಡ್ಡನೆಂದುಕೊಂಡಾರೆಂದು ತಲೆಯಾಡಿಸುತ್ತಾನೆ. ಅಂಥದೊಂದಕ್ಕೆ ನಾನು ನನ್ನ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ಕಪ್ಪು ಬಟ್ಟೆ ತೊಟ್ಟ ಹತ್ತು ಜನ ಒಂದು ಗಂಟೆಯ ಕಾಲ ಒಂದೂ ಮಾತಿಲ್ಲದೆ ಕುರ್ಚಿಗಳನ್ನು ಅತ್ತಿಂದಿತ್ತ ಸರಿಸಿದರು. ಹಿಂದಿರುಗುವಾಗ ಬಸ್ಸಿನಲ್ಲಿ ನಾಲ್ಕನೆಯ ತರಗತಿಯ ಹುಡುಗನೊಬ್ಬ ಕೇಳಿದ: "ಟೀಚರ್, ಅವರಿಗೆ ಪಾಪ, ಮಾತು ಬರುವುದಿಲ್ಲವಾ?" ನಾನು ನಕ್ಕೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮಾತಿಗೆ ಬರಗಾಲವಿಲ್ಲದ ಊರಿನಲ್ಲಿ ಮೌನವು ಕಲೆಯಾಗಬಹುದು. ನಮ್ಮ ಊರಿನಲ್ಲಿ ಹಾಗಲ್ಲ. ಇಲ್ಲಿ ಮಗು ಮನೆಯಲ್ಲಿ ತುಳುವನ್ನೋ ಮರಾಠಿಯನ್ನೋ ಕೊಂಕಣಿಯನ್ನೋ ಆಡುತ್ತದೆ. ಕಚೇರಿಯಲ್ಲಿ, ಬಸ್ಸಿನ ಫಲಕದಲ್ಲಿ ಮಲೆಯಾಳವನ್ನು ಕಾಣುತ್ತದೆ. ನೆರೆಮನೆಯ ಮಗು ಇಂಗ್ಲಿಷ್ ಮಾಧ್ಯಮದ ಶಾಲೆಯ ವ್ಯಾನನ್ನು ಹತ್ತುವುದನ್ನು ನೋಡುತ್ತದೆ. ಕನ್ನಡವು ಅದಕ್ಕೆ ಪಾಠದ ಪುಸ್ತಕದೊಳಗಿನ ಭಾಷೆ. ಅದನ್ನು ಬಾಯಿ ತುಂಬ ಆಡುವ ಅವಕಾಶ ಎಲ್ಲಿದೆ? ಆದುದರಿಂದ ನಾನು ಬೇಡುವ ಪ್ರಯೋಗ ಮಾತುಳ್ಳ ಪ್ರಯೋಗ. ಪ್ರೇಕ್ಷಕನನ್ನು ಬೆದರಿಸುವ ಮೂಕಾಟವನ್ನು ನಮ್ಮ ಶಾಲೆಗಳಿಗೆ ತರಲು ಹೊರಟವರನ್ನು ನಾನೂ ವಿರೋಧಿಸುತ್ತೇನೆ.

ಆದರೆ ಆರೋಪ ಮಾಡುವವರು ತಮ್ಮ "ನಿಜವಾದ ನಾಟಕ"ವನ್ನೂ ಅದೇ ಕಣ್ಣಿನಿಂದ ನೋಡಲಿ. ಶಾಲಾ ವಾರ್ಷಿಕೋತ್ಸವದಲ್ಲಿ ನಡೆಯುವುದೇನು? ಕನ್ನಡವನ್ನು ಸ್ಫುಟವಾಗಿ ಆಡಬಲ್ಲ ಇಬ್ಬರು ಮೂವರು ಮಕ್ಕಳಿಗೆ ರಾಜ, ಮಂತ್ರಿ, ಋಷಿಗಳ ಪಾತ್ರ. ಉಳಿದವರಲ್ಲಿ ಒಬ್ಬನು ಮರ ಹಿಡಿದು ನಿಲ್ಲುತ್ತಾನೆ. ಇನ್ನೊಬ್ಬನು ಚಾಮರ ಬೀಸುತ್ತಾನೆ. ಹಲವರು ಕೆಳಗೆ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಯಾವ ಮಗುವಿಗೆ ಕನ್ನಡದ ಅಭ್ಯಾಸ ಅತ್ಯಗತ್ಯವೋ ಅದಕ್ಕೇ ಮಾತಿಲ್ಲ! ಬಾಡಿಗೆಯ ಕಿರೀಟ ಹಣೆಯ ಮೇಲಕ್ಕೆ ಜಾರುತ್ತದೆ, ಬಣ್ಣದ ತುರಿಕೆಗೆ ಮಗು ಅಳುತ್ತದೆ, ಧ್ವನಿವರ್ಧಕದ ಮುಂದೆ ಸಾಲಾಗಿ ನಿಂತು ಒಬ್ಬೊಬ್ಬರೇ ಒಪ್ಪಿಸಿ ಹಿಂದೆ ಸರಿಯುತ್ತಾರೆ. ಮಾರನೆಯ ದಿನ ಕಿರೀಟವೂ ಪರದೆಯೂ ಅಂಗಡಿಗೆ ಹಿಂದಿರುಗುತ್ತವೆ. ಶಾಲೆಯಲ್ಲಿ ಉಳಿಯುವುದು ರಶೀದಿ ಮಾತ್ರ.

ಇದಕ್ಕೆ ಬದಲಾಗಿ ನಮ್ಮ ಶಾಲೆಯ ಮಕ್ಕಳು "ಸುರಂಗ"ವನ್ನು ತಮ್ಮದೇ ರೀತಿಯಲ್ಲಿ ಆಡಿದರು. ಮೂವತ್ತು ಮಕ್ಕಳೂ ಮೇಳದಲ್ಲಿದ್ದರು. ಗುಡ್ಡವೂ ಅವರೇ, ಗಾಳಿಯೂ ಅವರೇ, ನೀರಿನ ಹನಿಯೂ ಅವರೇ. ವರ್ಷವಿಡೀ ಹಾಜರಿ ಕರೆಯುವಾಗ ಮಾತ್ರ ಧ್ವನಿ ಕೇಳಿಸುತ್ತಿದ್ದ ಒಬ್ಬ ಹುಡುಗಿಯಿದ್ದಳು. ಅವಳ ಮನೆಮಾತು ಮರಾಠಿ. ಮೇಳದೊಡನೆ ನೂರು ಸಲ ಹೇಳಿ ಹೇಳಿ ಅವಳ ನಾಲಿಗೆ ಸಡಿಲಾಯಿತು. ಕೊನೆಯ ವಾರದಲ್ಲಿ ಅವಳೇ ಬಂದು, ಒರತೆ ಕಂಡಾಗ ಕೂಗುವ ಮಾತನ್ನು ತಾನೊಬ್ಬಳೇ ಹೇಳಲೇ ಎಂದು ಕೇಳಿದಳು. ಹೇಳಿದಳು. ತಪ್ಪು ಉಚ್ಚಾರವೂ ಇತ್ತು. ಅಂಗಳದ ಕೊನೆಯಲ್ಲಿದ್ದ ಅವಳ ತಂದೆಗೆ ಅದು ಧ್ವನಿವರ್ಧಕವಿಲ್ಲದೆ ಕೇಳಿಸಿತು.

ಇಂಗ್ಲಿಷಿನಲ್ಲಿ ಇಂಥ ನಾಟಕಗಳಿಗೆ ಅಂಚಿನ ರಂಗಭೂಮಿ, ಎಂದರೆ ಫ್ರಿಂಜ್, ಎಂದು ಹೆಸರು ಬಂದ ಬಗೆಯನ್ನು ವಿದ್ಯಾರ್ಥಿ ಮಿತ್ರರು ತಿಳಿದಿರುವುದೊಳ್ಳೆಯದು. 1947ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಕಲೋತ್ಸವ ಆರಂಭವಾಯಿತು. ದೊಡ್ಡ ದೊಡ್ಡ ತಂಡಗಳಿಗೆ ಆಹ್ವಾನ ಹೋಯಿತು. ಆಹ್ವಾನವಿಲ್ಲದ ಎಂಟು ತಂಡಗಳು ತಾವಾಗಿಯೇ ಬಂದು, ಸಿಕ್ಕ ಸ್ಥಳಗಳಲ್ಲಿ ಆಡಿದವು. ಒಂದು ತಂಡಕ್ಕಂತೂ ಊರಾಚೆಯ ಡನ್‌ಫರ್ಮ್‌ಲಿನ್ ಎಂಬಲ್ಲಿನ ಹಳೆಯ ಮಠವೇ ರಂಗವಾಯಿತು. ಮರುವರ್ಷ ರಾಬರ್ಟ್ ಕೆಂಪ್ ಎಂಬ ಬರಹಗಾರರು ಇಂಥವನ್ನು ಉತ್ಸವದ ಅಂಚಿನ ನಾಟಕಗಳೆಂದು ಕರೆದರು, ಹೆಸರು ನಿಂತಿತು. 1958ರಲ್ಲಿ ಇವುಗಳಿಗಾಗಿ ಒಂದು ಸಂಘವೂ ಆಯಿತು. ಯಾರು ಆಡಬೇಕು, ಯಾರು ಆಡಬಾರದು ಎಂದು ಆ ಸಂಘ ಆರಿಸುವುದಿಲ್ಲ. ನಮ್ಮ ದೇಶದಲ್ಲಿಯೂ ನಗರಯೋಜನೆಯ ಇಂಜಿನಿಯರಾಗಿದ್ದ ಬಾದಲ್ ಸರ್ಕಾರರು ಕಲ್ಕತ್ತೆಯಲ್ಲಿ 1967ರಲ್ಲಿ "ಶತಾಬ್ದಿ" ತಂಡವನ್ನು ಕಟ್ಟಿದರು. ಮುಂದೆ ಅವರು ರಂಗಮಂಟಪವನ್ನೇ ತೊರೆದು, ಕೋಣೆಗಳಲ್ಲಿಯೂ ಉದ್ಯಾನಗಳಲ್ಲಿಯೂ ಪ್ರೇಕ್ಷಕರ ನಡುವೆಯೇ ಆಡುವ ಮೂರನೆಯ ರಂಗಭೂಮಿಗೆ ದಾರಿ ಮಾಡಿದರು.

ಅಂಚೆಂಬ ಮಾತನ್ನು ಕೇಳಿದಾಗ ಗಡಿನಾಡಿನವರಾದ ನಮಗೆ ಅವಮಾನವಾಗಬೇಕಾಗಿಲ್ಲ. ನಾವೂ ಕರೆಯೋಲೆಗಾಗಿ ಕಾಯುವವರೇ. ಯಾವುದೋ ದೊಡ್ಡ ಊರಿನ ಸಮ್ಮೇಳನದಲ್ಲಿ ಗಡಿನಾಡ ಗೋಷ್ಠಿಗೆ ಅರ್ಧ ಗಂಟೆ ಕೊಟ್ಟಾರೆಯೇ, ಯಾವುದೋ ಹೆಸರಾಂತ ತಂಡ ನಮ್ಮ ಊರಿಗೆ ಬಂದೀತೆ ಎಂದು ವರ್ಷಗಳನ್ನು ಕಳೆಯುತ್ತೇವೆ. ಕರೆಯದಿದ್ದರೂ ಆಡಬಹುದು, ಸಿಕ್ಕ ಅಂಗಳದಲ್ಲಿಯೇ ಆಡಬಹುದು ಎಂಬುದನ್ನು ಆ ಎಂಟು ತಂಡಗಳು ತೋರಿಸಿವೆ. ಸಭಾಮಂದಿರವಿಲ್ಲದ, ಸಿರಿವಂತರಲ್ಲದ, ಚದುರಿಹೋದ ನಮ್ಮಂಥ ಜನಕ್ಕೆ ಇದಕ್ಕಿಂತ ಒಗ್ಗುವ ರಂಗಭೂಮಿ ಯಾವುದು?

ಅಧ್ಯಾಪಕ ಬಂಧುಗಳೇ, ಟೀಕೆಯನ್ನಷ್ಟೇ ಮಾಡಿ ಕೈತೊಳೆದುಕೊಳ್ಳಲಾರೆ. ಬರುವ ಶಾಲಾವರ್ಷದಲ್ಲಿ ಪ್ರತಿಯೊಂದು ಕನ್ನಡ ಶಾಲೆಯೂ ಇಪ್ಪತ್ತು ನಿಮಿಷಗಳ ಒಂದೊಂದು ನಾಟಕವನ್ನು ತಾನೇ ಕಟ್ಟಲಿ. ವಿಷಯ ಮಗು ಕಂಡದ್ದಾಗಿರಲಿ: ಊರಿನ ಕಟ್ಟ, ಸಂಕ, ಮುಚ್ಚಿಹೋದ ಒಂದು ಕೆರೆ, ಬೀಡಿ ಕಟ್ಟುವ ಅಜ್ಜಿ. ಮಕ್ಕಳು ಹಿರಿಯರ ಬಳಿ ಹೋಗಿ ಮಾತುಗಳನ್ನು ಕೇಳಿ ಬರೆದು ತರಲಿ. ಅದೇ ಬರವಣಿಗೆಯ ಪಾಠ. ಆ ಮಾತುಗಳನ್ನು ವೃತ್ತದಲ್ಲಿ ನಿಂತು, ಅಂಗಳದ ಆಚೆಯ ತುದಿಗೆ ಕೇಳಿಸುವಂತೆ ಹೇಳಲಿ. ಅದೇ ವಾಚನದ ಪಾಠ. ಒಂದು ಮಗುವೂ ಮಾತಿಲ್ಲದೆ ಉಳಿಯಕೂಡದೆಂಬುದೊಂದೇ ನಿಯಮ. ಮನೆಮಾತಿನ ಒಂದೆರಡು ನುಡಿ ನುಸುಳಿದರೆ ನುಸುಳಲಿ. ಅದರಿಂದ ಕನ್ನಡ ಮೈಲಿಗೆಯಾಗುವುದಿಲ್ಲ.

ಹಣವೇ ಬೇಡವೆನ್ನುವಷ್ಟು ತ್ಯಾಗಿಗಳು ನಾವಲ್ಲ. ಒಂದು ಶಾಲೆಯ ಮಕ್ಕಳು ಇನ್ನೊಂದು ಶಾಲೆಗೆ ಹೋಗಿ ಆಡಲು ಬಸ್ಸಿನ ಖರ್ಚು ಬೇಕು. ಆಡಿದ ಮೇಲೆ ಒಂದು ಲೋಟ ಚಹಾ, ಎರಡು ಬಿಸ್ಕತ್ತು ಬೇಕು. ಠರಾವಿನಲ್ಲಿರುವ "ಮಾತ್ರ" ಎಂಬ ಒಂದು ಪದವನ್ನು ತೆಗೆದುಹಾಕಿ. ಪರದೆಯ ನಾಟಕವೂ ನಡೆಯಲಿ, ಪರದೆಯಿಲ್ಲದುದೂ ನಡೆಯಲಿ. ಯಾವುದರಿಂದ ನಮ್ಮ ಮಕ್ಕಳ ಬಾಯಿ ತೆರೆಯಿತೆಂಬುದನ್ನು ವರ್ಷದ ಕೊನೆಗೆ ನೋಡಿ ನಿರ್ಣಯಿಸಬಹುದು.

ಠರಾವನ್ನು ಮಂಡಿಸಿದ ಹಿರಿಯರಲ್ಲಿಯೂ ನನ್ನದೊಂದು ಬಿನ್ನಹವಿದೆ. ಮಹಾಸಭೆಗೆ ಮುಂಚಿನ ಶನಿವಾರ ಸಂಜೆ ನಮ್ಮ ಶಾಲೆಯ ಅಂಗಳದಲ್ಲಿ ಮಕ್ಕಳು "ಸುರಂಗ"ವನ್ನು ಆಡಲಿದ್ದಾರೆ. ತಾವು ದಯಮಾಡಿಸಬೇಕು. ವೇದಿಕೆಯಿಲ್ಲದಿರುವುದರಿಂದ ಮುಖ್ಯ ಅತಿಥಿಗಳಿಗೆ ಬೇರೆ ಆಸನವಿರುವುದಿಲ್ಲ. ಮಂಡಿನೋವಿದ್ದವರಿಗೆ ಒಂದು ಕುರ್ಚಿ ಹಾಕುತ್ತೇವೆ. ನೋಡಿದ ಮೇಲೆಯೂ ಇದು ನಾಟಕವಲ್ಲವೆಂದು ತಮಗೆ ತೋರಿದರೆ ಅದನ್ನು ಆ ಮೂವತ್ತು ಮಕ್ಕಳ ಮುಂದೆಯೇ ಹೇಳಿ. ಅವರು ಉತ್ತರ ಕೊಡುತ್ತಾರೆ, ಕನ್ನಡದಲ್ಲಿ.